ಹದಿನೇಳನೇ ನಂಬರಿನ ಗಾಡಿ

ಬ್ಯಾಟರಾಯಪ್ಪನವರನ್ನು ನಾನು ಮೊದಲು ನೋಡಿದಾಗ ಅವರು ನೆಲದ ಮೇಲೆ ಅಂಗಾತ ಮಲಗಿದ್ದರು. ತಲೆ ಒಂದು ಹಸಿರು ಗಾಡಿಯ ಕೆಳಗಿತ್ತು, ಕಾಲು ಬಿಸಿಲಿನಲ್ಲಿತ್ತು. ೧೯೫೮ರ ಫೆಬ್ರವರಿ ಎಂಟನೇ ತಾರೀಕು, ಶನಿವಾರ, ಮಧ್ಯಾಹ್ನ ಸುಮಾರು ಮೂರು ಗಂಟೆ. ಮರುದಿನ ಯಲಹಂಕದ ವಿಮಾನ ಇಳಿಯುವ ಪಟ್ಟಿಯ ಮೇಲೆ ಮೋಟಾರ್ ರೇಸು ಇತ್ತು. ಗಾಡಿಗಳು ತಿರುವಿನಲ್ಲಿ ಜಾರಿದರೆ ಪೆಟ್ಟಾಗದಿರಲೆಂದು ಅಲ್ಲಲ್ಲಿ ಹುಲ್ಲಿನ ಪಿಂಡಿ ಒಡ್ಡುತ್ತಿದ್ದರು. ಆ ಹುಲ್ಲನ್ನು ಹೆಬ್ಬಾಳದ ನಮ್ಮ ಕೃಷಿ ಫಾರಂನಿಂದ ತರಿಸಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಫಾರಂನಲ್ಲಿ ಸಹಾಯಕನಾಗಿ ಸೇರಿ ಎಂಟು ತಿಂಗಳಾಗಿತ್ತು. ಎರಡು ಲಾರಿ ಹುಲ್ಲು ಇಳಿಸಿ ರಸೀದಿಗೆ ಸಹಿ ಹಾಕಿಸಿಕೊಂಡು ಬರುವ ಕೆಲಸ ನನಗೆ ಬಿದ್ದಿತ್ತು. ಸಹಿ ಹಾಕಬೇಕಾದವರು ಊಟಕ್ಕೆ ಹೋಗಿದ್ದರು. ಕಾಯುತ್ತಾ ಗಾಡಿಗಳನ್ನು ನೋಡಿಕೊಂಡು ನಿಂತಿದ್ದೆ.

"ಏನ್ ಸ್ವಾಮಿ, ಸುಮ್ನೆ ನಿಂತಿದೀರಲ್ಲ. ಈ ದಾರದ ತುದಿ ಸ್ವಲ್ಪ ಹಿಡ್ಕೊಳ್ಳಿ" ಎಂದು ಗಾಡಿಯ ಕೆಳಗಿನಿಂದ ಧ್ವನಿ ಬಂತು.

ನಾನು ಕೂತು ದಾರ ಹಿಡಿದೆ.

"ಎಳೀಬೇಡಿ. ಎಳೆದ್ರೆ ದಾರ ಸುಳ್ಳು ಹೇಳ್ತದೆ. ಸುಮ್ನೆ ಅಚ್ಚಿನ ಮಧ್ಯಕ್ಕೆ ಮುಟ್ಟಿಸ್ಕೊಂಡಿರಿ."

ಆಮೇಲೆ ಅವರು ಹೊರಗೆ ತೆವಳಿ ಬಂದರು. ಮೂವತ್ತೈದರ ಆಸುಪಾಸಿನ ವಯಸ್ಸು, ತೆಳ್ಳನೆಯ ಮೈ, ಖಾಕಿ ಚಡ್ಡಿ, ತೋಳು ಮಡಚಿದ ಬಿಳಿ ಅಂಗಿ. ಕಿವಿಯ ಮೇಲೆ ಬಡಗಿಯ ಪೆನ್ಸಿಲು. ದಾರದ ಗಂಟನ್ನು ಟೇಪಿನ ಮೇಲೆ ಹಾಸಿ ನೋಡಿ, ಬಂದ ಅಂಕಿಯನ್ನು ಒಂದು ಹಲಗೆಯ ಮೇಲೆ ಬರೆದುಕೊಂಡರು. ಹಲಗೆಯ ತುಂಬ ಆಗಲೇ ಐವತ್ತು ಅರವತ್ತು ಅಂಕಿಗಳಿದ್ದವು. ಕಾಗದ ಯಾಕಿಲ್ಲ ಎಂದು ಕೇಳಿದೆ. ಕಾಗದ ಗಾಳಿಗೆ ಹಾರುತ್ತದೆ, ಬೆವರಿಗೆ ನೆನೆಯುತ್ತದೆ ಎಂದರು.

ಗಾಡಿಯ ಒಡೆಯರು ಪಕ್ಕದಲ್ಲೇ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದರು. ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಗೆ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದ ಪ್ಯಾರೇಜಾನ್ ಸಾಹೇಬರು. ದಪ್ಪನೆಯ ಆಸಾಮಿ.

"ಅರೇ ಬ್ಯಾಟರಾಯಪ್ಪ, ದರ್ಜಿ ಕೂಡ ಇಷ್ಟು ಅಳತೆ ತಗೊಳ್ಳಲ್ಲ ಕಣ್ರೀ. ನನ್ನ ಗಾಡಿಗೆ ಶೇರ್ವಾನಿ ಹೊಲೀತೀರಾ?"

"ಶೇರ್ವಾನಿ ಆಗಿದ್ರೆ ನಿಮ್ಮ ಹೊಟ್ಟೆ ಅಳೀಬೇಕಿತ್ತು ಸಾಹೇಬ್ರೇ. ಅಷ್ಟುದ್ದ ದಾರ ನನ್ನತ್ರ ಇಲ್ಲ."

ಪ್ಯಾರೇಜಾನ್ ಸಾಹೇಬರು ಕೆಮ್ಮು ಬರುವಷ್ಟು ನಕ್ಕರು.

ಅದು ಮೂರು ಹಳೆಯ ಗಾಡಿಗಳನ್ನು ಕಡಿದು ಒಂದು ಮಾಡಿದ ಗಾಡಿ. ಎಲ್ಲವೂ ಇಂಗ್ಲಿಷರ ಕಾಲದವು, ಮೂವತ್ತರ ಈಚೆ ಆಚೆ ಇಸವಿಯವು. ಒಂದರ ಎಂಜಿನ್ನು, ಇನ್ನೊಂದರ ಹಿಂದಿನ ಅಚ್ಚು, ಕೆಳಗಿನ ಕಬ್ಬಿಣದ ಚಾಸಿಯನ್ನಂತೂ ಸಾಹೇಬರೇ ಕತ್ತರಿಸಿ ಬೆಸುಗೆ ಹಾಕಿದ್ದು. ಹಾಗಾಗಿ ಅದರ ಅಳತೆ ಯಾವ ಕಂಪನಿಯ ಪುಸ್ತಕದಲ್ಲೂ ಇರಲಿಲ್ಲ. ಮೂತಿಯ ಮೇಲೆ ಕೈಯಲ್ಲಿ ಬರೆದ ೧೭. ಹಿಂಭಾಗದಲ್ಲಿ ಎಡಕ್ಕೆ ಒಂದು ಹೊಸ ಡೊಂಕು. ಅದೇ ದಿನ ಬೆಳಿಗ್ಗೆ ಜಕ್ಕೂರಿನ ಹತ್ತಿರ ಎತ್ತಿನ ಗಾಡಿಯ ನೊಗ ತಗುಲಿತ್ತಂತೆ. ಬ್ಯಾಟರಾಯಪ್ಪ ಆ ಡೊಂಕಿನ ಆಳಕ್ಕೂ ಒಂದು ಕಡ್ಡಿ ಇಟ್ಟು ಅಳತೆ ತೆಗೆದುಕೊಂಡರು.

"ಡೊಂಕೂ ಬರ್ಕೋತೀರಾ?" ಎಂದೆ.

"ಇವತ್ತು ಗಾಡಿ ಮೈಮೇಲೆ ಇದೆ ತಾನೆ?"

ಕೊನೆಗೆ ತಳದ ಕಡೆ, ಯಾರಿಗೂ ಕಾಣದ ಜಾಗದಲ್ಲಿ, ಉಗುರಿನಿಂದ ಒಂದಿಷ್ಟು ಹಸಿರು ಬಣ್ಣ ಕೆರೆದು ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡರು. ಮರುದಿನ ಹಳೆಯ ಗಾಡಿಗಳ ಪಂದ್ಯದಲ್ಲಿ ಹದಿನೇಳನೇ ನಂಬರು ಮೊದಲು ಬಂತು. ನಾನು ಹುಲ್ಲಿನ ಲೆಕ್ಕ ಮರೆತು ಕೂಗಿದೆ.

ನನ್ನ ಬಾಡಿಗೆ ಕೋಣೆ ಯಶವಂತಪುರದಲ್ಲಿತ್ತು. ಅವರ ಮನೆ ಅಲ್ಲಿಂದ ಮೂರು ಬೀದಿ ಆಚೆ. ಹಾಗಾಗಿ ಪರಿಚಯ ಬೆಳೆಯಿತು. ಅವರು ಬ್ಯಾಟರಾಯನಪುರದ ರಾಗಿ ಹೊಲದವರ ಮನೆಯ ಮಗ. ಹದಿನಾರನೇ ವಯಸ್ಸಿಗೆ ಯಶವಂತಪುರ ಸ್ಟೇಷನ್ನಿನ ಹಿಂದಿನ ಒಂದು ಫೌಂಡ್ರಿಗೆ ಮರಳು ಹೊರಲು ಸೇರಿ, ಕೈಯ ನಯ ನೋಡಿದ ಮೇಸ್ತ್ರಿಯೊಬ್ಬರ ಕೆಳಗೆ ಪ್ಯಾಟರ್ನ್ ಕೆಲಸ ಕಲಿತಿದ್ದರು. ಫೌಂಡ್ರಿಯಲ್ಲಿ ಯಾವ ಸಾಮಾನು ಎರಕ ಹೊಯ್ಯಬೇಕಾದರೂ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದೇ ಪ್ಯಾಟರ್ನು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಕುಳಿಗೆ ಕಾದ ಲೋಹ ಹೊಯ್ಯುತ್ತಾರೆ.

ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಮರದ ಪ್ಯಾಟರ್ನು ಬೇಕಾದ ಅಳತೆಗಿಂತ ಸ್ವಲ್ಪ ದೊಡ್ಡದಿರಬೇಕು. ಪ್ರತಿ ಸಲವೂ ಲೆಕ್ಕ ಹಾಕುತ್ತಾ ಕೂತರೆ ಆಗುವುದಿಲ್ಲ ಎಂದು ಪ್ಯಾಟರ್ನಿನವರ ಬಳಿ ಬೇರೆಯೇ ಸ್ಕೇಲುಗಳಿರುತ್ತವೆ. ಅವುಗಳ ಅಡಿ ನಿಜವಾದ ಅಡಿಗಿಂತ ಒಂದಿಷ್ಟು ಉದ್ದ. ಕಬ್ಬಿಣಕ್ಕೆ ಒಂದು ಸ್ಕೇಲು, ಹಿತ್ತಾಳೆಗೆ ಇನ್ನೊಂದು. ಮೂರೂ, ಅಂದರೆ ಸಾದಾ ಸ್ಕೇಲೂ ಸೇರಿ, ನೋಡುವುದಕ್ಕೆ ಒಂದೇ ಥರ ಉಕ್ಕಿನ ಪಟ್ಟಿಗಳು. ಯಾವುದು ಯಾವುದೆಂದು ತಿಳಿಯಲು ತುದಿಯಲ್ಲಿ ಒಂದು ಸಣ್ಣ ಗುರುತು ಮಾತ್ರ.

"ತಪ್ಪು ಸ್ಕೇಲು ಹಿಡಿದೋನು ಪ್ಯಾಟರ್ನಿನೋನೇ ಅಲ್ಲ ಸ್ವಾಮಿ. ಇಡೀ ಎರಕ ಗುಜರಿಗೆ ಹೋಗ್ತದೆ" ಎಂದು ಅವರು ಒಮ್ಮೆ ಹೇಳಿದ್ದರು.

ಭಾನುವಾರಗಳಲ್ಲಿ ಅವರು ಮನೆಯ ಹಿಂದಿನ ಜಗಲಿಯ ಮೇಲೆ ಕೂತು ಉಳಿದ ಶಿವನೆ ಮರದ ತುಂಡುಗಳಲ್ಲಿ ರೇಸಿನ ಹಳೆಯ ಗಾಡಿಗಳನ್ನು ಮಾಡುತ್ತಿದ್ದರು. ಅಡಿಗೆ ಒಂದು ಇಂಚಿನ ಲೆಕ್ಕ. ಎಂಟು ಅಡಿಯ ಗಾಡಿ ಎಂಟು ಇಂಚು. ಅವುಗಳನ್ನು ಅವರು ಮಾದರಿ ಎನ್ನುತ್ತಿರಲಿಲ್ಲ, ಚಿಕ್ಕ ಗಾಡಿ ಎನ್ನುತ್ತಿದ್ದರು. ಪ್ರತಿಯೊಂದರ ಹೊಟ್ಟೆಯಡಿ ಒಂದು ಚೀಟಿ ಅಂಟಿರುತ್ತಿತ್ತು. ಅದರಲ್ಲಿ ಅಡಿಗೆ ಇಂಚು ಎಂದೂ ಒಂದು ತಾರೀಕೂ ಬರೆದಿರುತ್ತಿತ್ತು. ಅದು ಚಿಕ್ಕ ಗಾಡಿ ಮುಗಿದ ತಾರೀಕಲ್ಲ, ದೊಡ್ಡ ಗಾಡಿ ಹಾಗಿದ್ದ ತಾರೀಕು.

"ಗಾಡಿ ದಿನಾ ಬದಲಾಗ್ತದೆ. ಇವತ್ತು ಇದ್ದ ಲೈಟು ನಾಳೆ ಇರಲ್ಲ. ಯಾವ ದಿನದ ಗಾಡಿ ಅಂತ ಬರೀದಿದ್ರೆ ಅದು ಆಟದ ಸಾಮಾನು."

ಕಂಟೋನ್ಮೆಂಟಿನ ಕಡೆಯ ಒಬ್ಬ ದೊಡ್ಡ ಮನುಷ್ಯರು ತಮ್ಮ ಗಾಡಿಯನ್ನೂ ಮಾಡಿಕೊಡಿ ಎಂದು ಬಂದಿದ್ದರು. ಒಡೆದ ದೀಪವೊಂದನ್ನು ಸರಿಯಾಗಿರುವಂತೆ ಮಾಡಿ, ಹಳೆಯ ಬೂದು ಬಣ್ಣದ ಬದಲು ಕೆಂಪು ಹಚ್ಚಿ ಎಂದರು. ಬ್ಯಾಟರಾಯಪ್ಪ ಕೈಮುಗಿದು, "ನಿಮ್ಮ ಗಾಡೀಗೆ ಮೊದಲು ಕೆಂಪು ಹಚ್ಚಿಸಿ, ದೀಪ ಹಾಕ್ಸಿ, ಆಮೇಲೆ ಬಂದು ಅಳೀತೀನಿ" ಎಂದು ಕಳುಹಿಸಿದರು. ಅವರು ಮತ್ತೆ ಬರಲಿಲ್ಲ.

ಅವರ ಹೆಂಡತಿ ದ್ರೌಪದಮ್ಮನಿಗೆ ಈ ಗಾಡಿಗಳ ಮೇಲೆ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ನೋಡಿ ನಮ್ಮ ಬಾಗ್ಲು. ಎರಡು ವರ್ಷದಿಂದ ಕಿರ್ರ್ ಅಂತದೆ. ಇಡೀ ಬೀದಿಗೆ ಗೊತ್ತು ನಾನು ಯಾವಾಗ ನೀರಿಗೆ ಹೋಗ್ತೀನಿ ಅಂತ. ಇವರು ಮಾತ್ರ ಒಂದೊಂದು ಚಕ್ರಕ್ಕೆ ನಲವತ್ತೆಂಟು ಕಡ್ಡಿ ಎಣಿಸ್ಕೊಂಡು ಕೂತವ್ರೆ" ಎಂದು ಅವರು ನನಗೆ ಹೇಳಿದರು.

"ನಲವತ್ತೆಂಟೇ ಇರೋದು" ಎಂದರು ಬ್ಯಾಟರಾಯಪ್ಪ ತಲೆ ಎತ್ತದೆ.

"ನಲವತ್ತೇಳು ಹಾಕಿದ್ರೆ ಯಾರ್ ಬಂದು ಎಣಿಸ್ತಾರೆ?"

"ನಾನು."

ಹದಿನೇಳನೇ ನಂಬರಿನ ಚಿಕ್ಕ ಗಾಡಿ ಮುಗಿಸಲು ಅವರಿಗೆ ಆ ವರ್ಷದ ಮಳೆಗಾಲವಿಡೀ ಹಿಡಿಯಿತು. ಕೆರೆದು ತಂದಿದ್ದ ಬಣ್ಣಕ್ಕೆ ಹೊಂದುವ ಹಸಿರನ್ನು ಏಳು ಸಲ ಬೆರೆಸಿದರು. ಮುಗಿದ ಮೇಲೆ, ಅವರ ರೂಢಿಯಂತೆ, ಅಂಕಿಗಳಿದ್ದ ಹಲಗೆಯನ್ನು ಉಜ್ಜುಗೊರಡಿನಿಂದ ಕೆತ್ತಿ ನುಣುಪು ಮಾಡಿ ಮುಂದಿನ ಗಾಡಿಗೆ ಎತ್ತಿಟ್ಟರು. ಅಂಕಿಗಳನ್ನು ಉಳಿಸಿಕೊಳ್ಳಬಾರದೇ ಎಂದೆ.

"ಯಾಕೆ? ಗಾಡಿ ಆಯ್ತಲ್ಲ. ಇನ್ನು ಇದೇ ಅಂಕಿ" ಎಂದರು.

ನೋಡಲು ಬಂದ ಪ್ಯಾರೇಜಾನ್ ಸಾಹೇಬರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಡೊಂಕಿನ ಮೇಲೆ ತುಂಬ ಹೊತ್ತು ಹೆಬ್ಬೆರಳು ಆಡಿಸಿದರು.

೧೯೬೧ರಲ್ಲಿ ಸಾಹೇಬರು ಕಾಮಾಲೆಯಿಂದ ತೀರಿಕೊಂಡರು. ಗ್ಯಾರೇಜನ್ನು ಅವರ ಮಗಳು ಕನೀಜ್ ನಡೆಸಿಕೊಂಡು ಬಂದಳು. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ತಂದೆಯ ಕಾಲದ ಟಿಂಕರ್ ಲಕ್ಕಣ್ಣ, ಅಂದರೆ ತಗಡು ಬಡಿದು ಗಾಡಿಗಳ ಮೈ ಸರಿಮಾಡುವವನು, ಅವಳ ಜೊತೆ ಉಳಿದ. ಕಷ್ಟದ ದಿನಗಳಲ್ಲಿ ರೇಸಿನ ಗಾಡಿಯ ಮೈಯ ತಗಡು ಲಾರಿಗಳ ತೇಪೆಗೆ ಹೋಯಿತು. ಎಂಜಿನ್ನು ಮತ್ತು ಚಾಸಿ ಹೊಂಗೆ ಮರದ ಕೆಳಗೆ ಬಿದ್ದಿದ್ದವು. ಸಾಹೇಬರು ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದ ಇನ್ನೊಂದು ಹಳೆಯ ಚಾಸಿಯೂ ಅಲ್ಲೇ ಇತ್ತು. ಅದನ್ನು ಕನೀಜ್ ಗುಜರಿಗೆ ಕೊಟ್ಟಳು.

ಮುಂದಿನದಕ್ಕೆ ಒಂದು ರೀತಿಯಲ್ಲಿ ನಾನೇ ಕಾರಣ. ತಣಿಸಂದ್ರದ ಮುನಿಕೃಷ್ಣಪ್ಪನವರ ದ್ರಾಕ್ಷಿ ತೋಟಕ್ಕೆ ನಾನು ಎಲೆರೋಗ ನೋಡಲು ಹೋಗುತ್ತಿದ್ದೆ. ಅವರಿಗೆ ದ್ರಾಕ್ಷಿ ಬಿಟ್ಟರೆ ಮೋಟಾರಿನ ಹುಚ್ಚು. ಐವತ್ತೆಂಟರ ರೇಸನ್ನು ಅವರೂ ಹುಲ್ಲಿನ ಪಿಂಡಿಯ ಹಿಂದೆ ನಿಂತು ನೋಡಿದ್ದರು. ಅರವತ್ತನಾಲ್ಕರಲ್ಲಿ ಕನೀಜಳಿಂದ ಆ ಚಾಸಿ ಮತ್ತು ಎಂಜಿನ್ನು ಕೊಂಡರು. ಆದರೆ ಮೈ ಹೇಗಿತ್ತೆಂದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

"ಅದೇ ಗಾಡಿ ಆಗ್ಬೇಕು ಸಾಮಿ. ಅಂಗೇ ಇರ್ಬೇಕು. ಸುಮಾರಾಗಿ ಇಂಗಿತ್ತು ಅಂತ ಮಾಡಿದ್ರೆ ನಂಗೆ ಬ್ಯಾಡ" ಎಂದರು.

ಬ್ಯಾಟರಾಯಪ್ಪನವರ ಚಿಕ್ಕ ಗಾಡಿಯ ವಿಷಯ ನಾನು ಹೇಳಿದೆ. ಮುನಿಕೃಷ್ಣಪ್ಪನವರು ಮರುದಿನವೇ ಬಂದು ಅದನ್ನು ನೋಡಿ, ಮೈ ಕಟ್ಟುವ ಕೆಲಸವನ್ನು ಕನೀಜಳ ಗ್ಯಾರೇಜಿಗೇ ಕೊಟ್ಟರು. ಚಿಕ್ಕ ಗಾಡಿ ಎರಡು ತಿಂಗಳು ಗ್ಯಾರೇಜಿನ ಮೇಜಿನ ಮೇಲಿತ್ತು. ಲಕ್ಕಣ್ಣ ಅದನ್ನು ಅಳೆದು, ಒಂದು ಇಂಚಿಗೆ ಒಂದು ಅಡಿಯಂತೆ ಲೆಕ್ಕ ಹಾಕಿ, ಮೊದಲು ಮರದ ಚೌಕಟ್ಟು ಕಟ್ಟಿಸಿದ. ಅದನ್ನು ಚಾಸಿಗೆ ಬೋಲ್ಟು ಹಾಕಿ ಕೂರಿಸಿದ ಮೇಲೆ ತಗಡು.

ಅರವತ್ತೈದರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಚೌಕಟ್ಟು ಕೂರಿಸುವುದಿತ್ತು. ನಾನೂ ಬ್ಯಾಟರಾಯಪ್ಪನವರೂ ಸೈಕಲ್ಲಿನಲ್ಲಿ ಹೋದೆವು. ಮುನಿಕೃಷ್ಣಪ್ಪನವರು ಆಗಲೇ ಬಂದು ಹೂವು, ಊದುಕಡ್ಡಿ ತಂದಿಟ್ಟುಕೊಂಡಿದ್ದರು. ಕನೀಜ್ ತಲೆಯ ಮೇಲೆ ಸೆರಗು ಎಳೆದುಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ಜನ ಸೇರಿ ಚೌಕಟ್ಟು ಎತ್ತಿ ಇಟ್ಟರು. ಮುಂದಿನ ಎರಡು ಬೋಲ್ಟು ಸಲೀಸಾಗಿ ಇಳಿದವು. ಹಿಂದಿನವು ಇಳಿಯಲಿಲ್ಲ. ತೂತುಗಳು ಒಂದೂವರೆ ಇಂಚು ಹಿಂದೆ ಬಿದ್ದಿದ್ದವು.

"ನಿನ್ನ ಟೇಪು ಇಲಿ ಕಡೀತೇನೋ ಲಕ್ಕಣ್ಣ?" ಎಂದು ಮುನಿಕೃಷ್ಣಪ್ಪನವರು ನಕ್ಕರು.

ಲಕ್ಕಣ್ಣನಿಗೆ ನಗು ಬರಲಿಲ್ಲ. ಎಲ್ಲರ ಮುಂದೆ ಮತ್ತೆ ಅಳೆದ. ಚಾಸಿಯ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ತೊಂಬತ್ತಾರು ಇಂಚು. ಚಿಕ್ಕ ಗಾಡಿಯ ಪ್ರಕಾರ ತೊಂಬತ್ತೇಳೂವರೆ ಇರಬೇಕಿತ್ತು. ಅಡ್ಡಗಲ ಚಾಸಿಯಲ್ಲಿ ನಲವತ್ತೆಂಟು. ಚಿಕ್ಕ ಗಾಡಿಯ ಪ್ರಕಾರ ಮುಕ್ಕಾಲು ಇಂಚು ಜಾಸ್ತಿ.

ಮುನಿಕೃಷ್ಣಪ್ಪನವರು ಊದುಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು.

"ಕನೀಜಮ್ಮ, ಒಂದ್ ಮಾತು ಕೇಳ್ತೀನಿ, ತೆಪ್ಪು ತಿಳೀಬ್ಯಾಡ. ಇಲ್ಲಿ ಎಲ್ಡು ಚಾಸಿ ಇದ್ವಲ್ಲ. ಗುಜರಿಗೆ ಓಗಿದ್ದು ಯಾವ್ದು?"

"ಅಬ್ಬಾದು ಇದೇ. ಬೇರೆದು ಗುಜರಿಗೆ ಕೊಟ್ಟೆ."

"ಅಳತೆ ಇಂಗೆ ಅಂತದಲ್ಲ ತಾಯಿ."

ಅವಳು ಬ್ಯಾಟರಾಯಪ್ಪನವರ ಕಡೆ ತಿರುಗಿದಳು. "ಚಾಚಾ, ನೀವು ಹೇಳಿ. ಇದು ಅಬ್ಬಾನ ಚಾಸಿ ಅಲ್ವಾ?"

ಬ್ಯಾಟರಾಯಪ್ಪ ಚಿಕ್ಕ ಗಾಡಿಯನ್ನು ಎತ್ತಿಕೊಂಡು ತಮ್ಮ ಸ್ಕೇಲಿನಿಂದ ತಾವೇ ಅಳೆದರು. ಎಂಟು ಇಂಚಿನ ಮೇಲೆ ಎಂಟನೇ ಒಂದು ಪಾಲು. ಲಕ್ಕಣ್ಣ ಹೇಳಿದ್ದು ಸರಿಯಾಗಿತ್ತು.

"ನಾನು ದಾರ ಹಿಡಿದು ಅಳ್ದಿದ್ದು ಕಣಮ್ಮ. ಚಿಕ್ಕ ಗಾಡಿ ತಪ್ಪಿಲ್ಲ" ಎಂದರು. ನೋಯಿಸಬೇಕೆಂದು ಹೇಳಿದ ಮಾತಲ್ಲ. ಅವರಿಗೆ ಹಾಗೇ ಅನ್ನಿಸಿತ್ತು, ಹೇಳಿದರು.

"ಅದು ತಪ್ಪಿಲ್ಲ ಅಂದ್ರೆ ನಾನು ತಪ್ಪು. ಇನ್ಯಾರಿದ್ದಾರೆ ಇಲ್ಲಿ? ನಮ್ಮಪ್ಪನ ಗಾಡಿ ಗುಜರಿಗೆ ಹಾಕಿ ಯಾವುದೋ ಕಬ್ಬಿಣ ಇವರಿಗೆ ಮಾರಿದೆ ಅಂತ ತಾನೆ?"

"ಅಂಗಲ್ಲ ತಾಯಿ, ಗೊತ್ತಿಲ್ದಂಗೆ..." ಎಂದು ಮುನಿಕೃಷ್ಣಪ್ಪನವರು ತಡವರಿಸಿದರು.

"ಗೊತ್ತಿಲ್ದೆ? ಆ ಬೆಸುಗೆ ಹಾಕುವಾಗ ಲಾಟೀನು ಹಿಡ್ಕೊಂಡಿದ್ದೋಳು ನಾನು!" ಅವಳ ಧ್ವನಿ ಏರಿತು. ಗ್ಯಾರೇಜಿನ ಒಳಗೆ ಹೋಗಿ, ಗೋಡೆಯ ಮೊಳೆಯಲ್ಲಿ ತೂಗುಹಾಕಿದ್ದ ಕಡ್ಡಿಚಕ್ರವೊಂದನ್ನು ಕೆಳಗಿಳಿಸಿ ತಂದು ಅವರ ಮುಂದೆ ಇಟ್ಟಳು. "ಇದು ಅವತ್ತಿನ ಚಕ್ರ. ಗೆದ್ದು ಬಂದ ಮೇಲೆ ಅಬ್ಬಾನೇ ತೂಗುಹಾಕಿದ್ದು. ಯಾರೂ ಮುಟ್ಟಿಲ್ಲ. ಇದನ್ನ ಅಳೀರಿ. ಇದೂ ಬೇರೆ ಅಂದ್ರೆ ನಾನು ಸುಳ್ಳುಗಾತಿ ಅಂತ ಒಪ್ಕೋತೀನಿ."

ಬ್ಯಾಟರಾಯಪ್ಪ ಚಕ್ರದ ಕಬ್ಬಿಣದ ಬಳೆಯನ್ನು ಅಂಚಿನಿಂದ ಅಂಚಿಗೆ ಅಳೆದರು. ಇಪ್ಪತ್ತೂವರೆ ಇಂಚು. ಚಿಕ್ಕ ಗಾಡಿಯ ಚಕ್ರಕ್ಕೆ ಕ್ಯಾಲಿಪರ್ ಹಿಡಿದರು. ಲೆಕ್ಕ ಹಾಕಿದರೆ ಇಪ್ಪತ್ತೂ ಮುಕ್ಕಾಲನ್ನೂ ಸ್ವಲ್ಪ ದಾಟುತ್ತಿತ್ತು. ಎರಡನೇ ಸಲ ಹಿಡಿದರು. ಅದೇ ಬಂತು. ಏನೂ ಹೇಳದೆ ಚಿಕ್ಕ ಗಾಡಿಯನ್ನು ಟವೆಲಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದರು.

ಅವರ ಮೌನವನ್ನು ಎಲ್ಲರೂ ಒಂದೇ ಥರ ಅರ್ಥ ಮಾಡಿಕೊಂಡರು: ಚಕ್ರವೂ ಬೇರೆ, ಕನೀಜ್ ಹೇಳಿದ್ದು ಸುಳ್ಳು. ಹೊರಡುವಾಗ ನೋಡಿದೆ. ಕನೀಜ್ ಚಕ್ರದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

ತುಮಕೂರು ರಸ್ತೆಯಲ್ಲಿ ಯಶವಂತಪುರದ ಕಡೆ ಹೊರಟೆವು. ಚಕ್ರದ ವಿಷಯ ನನ್ನನ್ನು ಬಿಡಲಿಲ್ಲ. ಚಾಸಿ ಬೇರೆಯಾಗಿರಬಹುದು, ಆದರೆ ಚಕ್ರ ಬೆಳೆಯುವುದಿಲ್ಲ. ಪೆಡಲು ತುಳಿಯುತ್ತಲೇ ಮನಸ್ಸಿನಲ್ಲಿ ಭಾಗಿಸಿದೆ. ತೊಂಬತ್ತಾರಕ್ಕೆ ಒಂದೂವರೆ. ನಲವತ್ತೆಂಟಕ್ಕೆ ಮುಕ್ಕಾಲು. ಇಪ್ಪತ್ತೂವರೆಗೆ ಕಾಲಿಗಿಂತ ಸ್ವಲ್ಪ ಹೆಚ್ಚು.

"ಬ್ಯಾಟರಾಯಪ್ಪನವರೇ, ಎಲ್ಲದರಲ್ಲೂ ವ್ಯತ್ಯಾಸ ಒಂದೇ ಪಾಲು" ಎಂದೆ. "ಚಾಸಿ ಬೇರೆಯಾಗಿದ್ರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರ್ತಿತ್ತು. ಇಲ್ಲಿ ಉದ್ದ, ಅಗಲ, ಚಕ್ರ, ಎಲ್ಲಾ ಅರವತ್ತನಾಲ್ಕಕ್ಕೆ ಒಂದು ಜಾಸ್ತಿ."

ಅವರು ಸೈಕಲ್ಲು ನಿಲ್ಲಿಸಿ ಕಾಲೂರಿದರು. "ಎಷ್ಟಂದ್ರಿ?"

"ಅರವತ್ತನಾಲ್ಕಕ್ಕೆ ಒಂದು."

"ಹಂಗಂದ್ರೆ ಅಡಿಗೆ ಇಂಚಿನ ಹದಿನಾರರಲ್ಲಿ ಮೂರು ಪಾಲು." ಅವರು ರಸ್ತೆಯನ್ನೇ ನೋಡುತ್ತಿದ್ದರು. ಒಂದು ಲಾರಿ ಹಾದುಹೋದ ಮೇಲೆ, "ಹಿತ್ತಾಳೆ" ಎಂದರು.

ಮನೆಗೆ ಬಂದವರೇ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಇಳಿಸಿದರು. ಅದರೊಳಗೆ ಉಳಿ, ಅರಗಳ ಕೆಳಗೆ ಒಂದು ಉಕ್ಕಿನ ಸ್ಕೇಲು ಇತ್ತು. ತುದಿಯ ಗುರುತು ಸವೆದು ಹೋಗಿತ್ತು. ಐವತ್ತೆಂಟರ ಮಳೆಗಾಲದಲ್ಲಿ ಫೌಂಡ್ರಿಗೆ ಹಿತ್ತಾಳೆ ಪಂಪುಗಳ ದೊಡ್ಡ ಆರ್ಡರು ಬಂದಿತ್ತಂತೆ. ನಾಲ್ಕು ತಿಂಗಳು ಹಗಲೆಲ್ಲ ಅದೇ ಸ್ಕೇಲು ಕೈಯಲ್ಲಿ. ಊಟದ ಚೀಲದಲ್ಲೇ ಮನೆಗೆ ಬಂದಿತ್ತು. ಭಾನುವಾರ ಕೈಗೆ ಸಿಕ್ಕಿದ್ದೂ ಅದೇ.

ಚಿಕ್ಕ ಗಾಡಿಯ ಎರಡು ಅಚ್ಚುಗಳ ನಡುವೆ ಆ ಸ್ಕೇಲು ಹಿಡಿದರು.

"ಎಂಟು" ಎಂದರು. "ಎಂಟೇ ಎಂಟು."

ಅವರು ಗೋಡೆಗೆ ಒರಗಿ ಕೂತರು. ನನಗೆ ಅವರನ್ನು ಸಮಾಧಾನ ಮಾಡಬೇಕೆನಿಸಿತು. "ಗಾಡಿಯ ಆಕಾರದಲ್ಲಿ ತಪ್ಪಿಲ್ಲವಲ್ಲ. ಎಲ್ಲಾ ಒಂದೇ ಪಾಲಿನಲ್ಲಿ ದೊಡ್ಡದಾಗಿದೆ ಅಷ್ಟೆ. ಅಡಿಗೆ 'ಇಂಚು' ಅಂತ ಬರೆದಿರೋ ಚೀಟಿ ಮಾತ್ರ ತಪ್ಪು" ಎಂದೆ.

"ಚೀಟಿ ನಂಬಿ ತಾನೆ ಅವರು ಅಳ್ದಿದ್ದು? ಆ ಹುಡುಗಿ ಮುಂದೆ ನಿಂತ್ಕೊಂಡು ಚಿಕ್ಕ ಗಾಡಿ ತಪ್ಪಿಲ್ಲ ಅಂದೆ ನಾನು. ಚಾಸಿಗಿಂತ ನನ್ನ ಕೈ ಸರಿ ಅಂದೆ."

ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು. "ಲಕ್ಕಣ್ಣನ ತಮ್ಮ ನಮ್ಮ ಫೌಂಡ್ರೀಲೇ ಮರಳು ಕೆಲಸ ಮಾಡ್ತಾನೆ. ಇವತ್ತು ಹೇಳಿದ್ರೆ ನಾಳೆ ಗೇಟಿನತ್ರ ಎಲ್ಲರಿಗೂ ಗೊತ್ತಿರ್ತದೆ. ತಪ್ಪು ಸ್ಕೇಲು ಹಿಡಿದ ಮೇಸ್ತ್ರಿ ಅಂತ."

ಹೋಗಿ ಹೇಳಿ ಎಂಬುದು ನಾನು ಆಡಬೇಕಾದ ಮಾತಾಗಿರಲಿಲ್ಲ. ಒಳಗಿನಿಂದ ದ್ರೌಪದಮ್ಮ ಊಟಕ್ಕೆ ಕರೆದರು.

ಬ್ಯಾಟರಾಯಪ್ಪ ಎದ್ದು ಸ್ಕೇಲನ್ನೂ ಚಿಕ್ಕ ಗಾಡಿಯನ್ನೂ ತೆಗೆದುಕೊಂಡರು. "ಬಂದು ಉಣ್ತೀನಿ."

"ಮುದ್ದೆ ಆರ್ತದೆ."

"ಆರ್ಲಿ ಬಿಡು. ಮುದ್ದೆ ಆರಿದ್ರೆ ಕುಗ್ಗಲ್ಲ."

ನಾವು ಗ್ಯಾರೇಜಿಗೆ ವಾಪಸು ಹೋದಾಗ ಮುನಿಕೃಷ್ಣಪ್ಪನವರು ಇನ್ನೂ ಹೊಂಗೆ ಮರದ ಕೆಳಗೇ ಇದ್ದರು. ಹೋಗಲೂ ಮನಸ್ಸಿಲ್ಲ, ಇರಲೂ ಮನಸ್ಸಿಲ್ಲ ಎನ್ನುವ ಹಾಗೆ ಬೀಡಿ ಸೇದುತ್ತಿದ್ದರು. ಕನೀಜ್ ಒಳಗಿದ್ದಳು. ಬ್ಯಾಟರಾಯಪ್ಪ ಅವಳನ್ನು ಕರೆಸಿದರು. ಲಕ್ಕಣ್ಣನನ್ನೂ ಕರೆದರು. ಎಲ್ಲರೂ ಬರುವವರೆಗೆ ಕಾದು, ಎರಡು ಸ್ಕೇಲುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ತುದಿ ಸರಿಹೊಂದಿಸಿದಾಗ ಇನ್ನೊಂದು ತುದಿಯಲ್ಲಿ ಹನ್ನೆರಡರ ಗೀಟುಗಳು ಕೂಡಲಿಲ್ಲ.

"ಈ ಉದ್ದದ್ದು ಹಿತ್ತಾಳೆ ಎರಕದ ಸ್ಕೇಲು. ಚಿಕ್ಕ ಗಾಡಿ ನಾನು ಇದ್ರಲ್ಲಿ ಮಾಡ್ದೆ. ನೋಡ್ಕೊಳ್ಳದೇ ಮಾಡ್ದೆ. ಚಾಸಿ ಪ್ಯಾರೇಜಾನ್ ಸಾಹೇಬ್ರದ್ದೇ. ಕನೀಜ್ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು."

ಕನೀಜ್ ಮೇಜಿನ ಹತ್ತಿರ ಬಂದು ಬಗ್ಗಿ ಆ ಎರಡು ಗೀಟುಗಳ ನಡುವಿನ ಜಾಗವನ್ನು ನೋಡಿದಳು. ಒಂದು ಅಕ್ಕಿಕಾಳಿನಷ್ಟು.

"ಇಷ್ಟಕ್ಕಾ?" ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. "ಇಷ್ಟೇ ಇಷ್ಟಕ್ಕೆ ನಾನು ಕಳ್ಳಿ ಆಗಿದ್ನಾ ಚಾಚಾ?"

ಬ್ಯಾಟರಾಯಪ್ಪ ತಲೆ ತಗ್ಗಿಸಿ ಹೌದೆಂದರು.

"ಹೈಯ್, ಬ್ಯಾಟರಾಯಪ್ಪ ಮೇಸ್ತ್ರಿ ಸ್ಕೇಲು ತಪ್ಪಿದ್ರಾ! ಇವತ್ತು ಸೂರ್ಯ ಎಲ್ಲಿ ಹುಟ್ಟಿದ? ಎರಡು ತಿಂಗಳು ನನ್ನ ಟೇಪನ್ನ ಇಲಿ ಕಡೀತು ಅನ್ನಿಸ್ಕೊಂಡೆ" ಎಂದ ಲಕ್ಕಣ್ಣ.

"ಎಲ್ಡು ತಿಂಗ್ಳೆಲ್ಲೋ, ಇವತ್ತು ಬೆಳಗ್ಗೆ ಅಂದಿದ್ದು ನಾನು" ಎಂದರು ಮುನಿಕೃಷ್ಣಪ್ಪನವರು. ಅವರು ಮಾತ್ರ ಸ್ಕೇಲನ್ನೇ ನೋಡುತ್ತಾ ಏನೋ ಯೋಚಿಸುತ್ತಿದ್ದರು. "ಅಲ್ಲ ಮೇಸ್ತ್ರಿ, ಈ ಸ್ಕೇಲಲ್ಲಿ ಮಾಡಿದ್ದು ತಾನೆ? ಅಂಗಾದ್ರೆ ಈ ಸ್ಕೇಲಲ್ಲೇ ಅಳುದ್ರೆ ಸರಿ ಬರ್ಬೇಕಲ್ಲ?"

"ಬರ್ತದೆ" ಎಂದರು ಬ್ಯಾಟರಾಯಪ್ಪ.

"ಮತ್ತೆ ಅಳುದು ಮಾಡ್ರಪ್ಪ ಅತ್ಲಾಗೆ! ಇಷ್ಟಕ್ಕೆ ಬೆಳಗ್ಗಿಂದ ಎಲ್ರು ಮುಖ ಊದಿಸ್ಕೊಂಡು ಕೂತಿದ್ದು." ಆಮೇಲೆ ಕನೀಜಳ ಕಡೆ ನೋಡದೆ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ, "ಮಾತು ಜಾರ್ತು ಕಣಮ್ಮ. ಮನಸ್ಸಿಗೆ ಅಚ್ಕೋಬ್ಯಾಡ" ಎಂದರು. ಆ ವಾರ ಅವರ ತೋಟದಿಂದ ಗ್ಯಾರೇಜಿಗೆ ಎರಡು ಬುಟ್ಟಿ ದ್ರಾಕ್ಷಿ ಬಂತು.

ಕನೀಜ್ ಮಾತ್ರ ಒಂದು ತಿಂಗಳು ಬ್ಯಾಟರಾಯಪ್ಪನವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತಾಡು ಎಂದು ಅವರು ಕೇಳಲೂ ಹೋಗಲಿಲ್ಲ. ಪ್ರತಿ ಭಾನುವಾರ ಹೋಗಿ ಲಕ್ಕಣ್ಣನಿಗೆ ಹಿತ್ತಾಳೆ ಸ್ಕೇಲಿನಲ್ಲಿ ಅಳತೆ ಓದಿ ಹೇಳುತ್ತಿದ್ದರು. ಹೊಸ ಚೌಕಟ್ಟು ಕೂತ ದಿನ ನಾಲ್ಕು ಬೋಲ್ಟುಗಳೂ ಕೈಯಲ್ಲೇ ಇಳಿದವು. ಆ ದಿನ ಅವಳು ಅವರಿಗೆ ಟೀ ತಂದುಕೊಟ್ಟಳು.

ಫೌಂಡ್ರಿಯಲ್ಲಿ ಅವರು ಹೇಳಿದ ಹಾಗೇ ಆಯಿತು. ಸುಮಾರು ದಿನ ಹುಡುಗರು ಅವರನ್ನು ಹಿತ್ತಾಳೆ ಮೇಸ್ತ್ರಿ ಎಂದರು. ಒಂದು ದೊಡ್ಡ ಕೆಲಸ ಅವರನ್ನು ಬಿಟ್ಟು ಇನ್ನೊಬ್ಬರಿಗೆ ಹೋಯಿತು. ಮನೆಯಲ್ಲಿದ್ದ ಉಳಿದ ಎಂಟು ಚಿಕ್ಕ ಗಾಡಿಗಳನ್ನು ಅವರು ಮೂರು ಭಾನುವಾರ ಕೂತು ಪರೀಕ್ಷಿಸಿದರು. ಅದೇ ಮಳೆಗಾಲದಲ್ಲಿ ಶುರು ಮಾಡಿದ್ದ ಇನ್ನೊಂದು ಸಹ ತಪ್ಪಿತ್ತು. ತಪ್ಪಿದ್ದ ಆ ಎರಡರ ಹಳೆಯ ಚೀಟಿಗಳನ್ನು ಕೀಳಲಿಲ್ಲ. ಅವುಗಳ ಕೆಳಗೆ ಇನ್ನೊಂದು ಚೀಟಿ ಅಂಟಿಸಿ, "ಮೇಲಿನ ಅಳತೆ ತಪ್ಪು. ಹಿತ್ತಾಳೆ ಸ್ಕೇಲಿನಲ್ಲಿ ಅಳೆಯಬೇಕು" ಎಂದು ಬರೆದು ತಾರೀಕು ಹಾಕಿದರು.

ಅರವತ್ತಾರರ ರೇಸಿಗೆ ಗಾಡಿ ಸಿದ್ಧವಾಯಿತು. ಹಿಂಭಾಗದ ಆ ಡೊಂಕೂ ಬೇಕೆಂದು ಮುನಿಕೃಷ್ಣಪ್ಪನವರು ಹಟ ಹಿಡಿದರು.

"ಜನ್ಮವೆಲ್ಲ ಡೊಂಕು ತೆಗೆದ ಕೈ ಇದು. ಹೊಸ ತಗಡಿಗೆ ಡೊಂಕು ಹಾಕು ಅಂತೀರಲ್ಲ ಸ್ವಾಮಿ" ಎಂದು ಲಕ್ಕಣ್ಣ ಗೋಳಾಡಿದ. ಬ್ಯಾಟರಾಯಪ್ಪನವರೂ ಬೇಡ ಎಂದರು. ಆ ಡೊಂಕು ಆ ದಿನದ್ದು, ಇದಕ್ಕೆ ಬೇಕಾದರೆ ಇದರದ್ದೇ ಬರುತ್ತದೆ ಎಂಬುದು ಅವರ ವಾದ. ಮುನಿಕೃಷ್ಣಪ್ಪನವರು ಕೇಳಲಿಲ್ಲ. ಕೊನೆಗೆ ಸುತ್ತಿಗೆ ಹಾಕಿದ್ದು ಕನೀಜ್. ಒಂದೇ ಏಟು. ಬ್ಯಾಟರಾಯಪ್ಪ ಕಡ್ಡಿ ಇಟ್ಟು ಆಳ ನೋಡಿ, "ಎರಡು ಕೂದಲು ಜಾಸ್ತಿ ಆಯ್ತು" ಎಂದರು. "ಇರ್ಲಿ ಚಾಚಾ. ಹಿತ್ತಾಳೆ ಸ್ಕೇಲಲ್ಲಿ ನೋಡಿ, ಸರಿ ಇರ್ತದೆ" ಎಂದಳು ಅವಳು. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬ್ಯಾಟರಾಯಪ್ಪ.

ರೇಸಿನಲ್ಲಿ ಗಾಡಿ ಐದು ಸುತ್ತು ಓಡಿ, ನೀರು ಕುದಿದು ನಿಂತಿತು. ಆ ಐದು ಸುತ್ತೂ ಮುನಿಕೃಷ್ಣಪ್ಪನವರ ಮುಖದಲ್ಲಿದ್ದ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇದನ್ನು ಬರೆಯುತ್ತಿರುವುದು ೧೯೬೯ರಲ್ಲಿ. ಬ್ಯಾಟರಾಯಪ್ಪ ಅದೇ ಫೌಂಡ್ರಿಯಲ್ಲಿ ಪ್ಯಾಟರ್ನ್ ಕೆಲಸ ಮಾಡುತ್ತಾರೆ. ಮನೆಯ ಬಾಗಿಲು ಇನ್ನೂ ಕಿರ್ರ್ ಎನ್ನುತ್ತದೆ. ಅಂಕಿ ಬರೆದ ಹಲಗೆಗಳನ್ನು ಅವರು ಈಗ ಕೆತ್ತುವುದಿಲ್ಲ, ತಾರೀಕು ಹಾಕಿ ಜಗಲಿಯ ಗೋಡೆಗೆ ತೂಗುಹಾಕುತ್ತಾರೆ. ಭಾನುವಾರಗಳಲ್ಲಿ ಹತ್ತನೆಯ ಚಿಕ್ಕ ಗಾಡಿ ಮಾಡುತ್ತಿದ್ದಾರೆ. ಅದು ಮುನಿಕೃಷ್ಣಪ್ಪನವರ ಹದಿನೇಳನೇ ನಂಬರು, ಅರವತ್ತಾರರ ರೇಸಿನ ದಿನ ಬೆಳಿಗ್ಗೆ ಇದ್ದ ಹಾಗೆ, ಕನೀಜಳ ಡೊಂಕಿನ ಸಮೇತ.